ಕ್ರಮ ಅಂದ್ರೆ ಕ್ರಮ

ಪಾಲಿಟೆಕ್ನಿಕ್ಕಿನ ಲ್ಯಾಬ್ ಪರೀಕ್ಷೆ. ಫೇಲಾದರೆ ಒಂದು ವರ್ಷ ಹೋಯಿತು. ವಿಭಾಗದ ಮುಖ್ಯಸ್ಥ ಹಾಲಸ್ವಾಮಿ ಬೋರ್ಡಿನ ಮೇಲೆ ಬರೆದರು: ‘ಅಧ್ಯಾಪಕರ ಹೆಸರುಗಳನ್ನು ಕ್ರಮವಾಗಿ ಜೋಡಿಸುವ ಪ್ರೋಗ್ರಾಂ ಬರೆಯಿರಿ.’

ಎಲ್ಲರೂ ಯೋಚಿಸದೆ ಟೈಪ್ ಮಾಡತೊಡಗಿದರು. ಹೊಸಬರ ಧೈರ್ಯವೇ ಅದು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು.

“ಯಾವ ಕ್ರಮ ಸರ್?”

“ಕ್ರಮ ಅಂದ್ರೆ ಕ್ರಮ! ಇನ್ನೊಂದ್ಸಲ ಬಾಯಿ ಬಿಟ್ರೆ ಸೊನ್ನೆ.”

ಅವಳು ಕೂತು ಬರೆದಳು. ಹಾಲಸ್ವಾಮಿ ಬಂದು ಪರದೆ ನೋಡಿದರು. ಮೊದಲ ಹೆಸರು ಮೊನ್ನೆ ಸೇರಿದ ಅನಸೂಯಾ ಮೇಡಂದು. ಕೊನೆಯದು ಅವರದೇ.

“ನನ್ನ ಕೊನೇಲಿ ಹಾಕ್ತೀಯಾ? ಫೇಲ್ ಮಾಡ್ತೀನಿ!”

“ಅಕಾರಾದಿ ಸರ್. ‘ಹ’ ಕೊನೆಗೇ ಬರೋದು.”

“ಸೀನಿಯಾರಿಟಿ ಪ್ರಕಾರ ಅಂತ ಗೊತ್ತಾಗಲ್ವಾ?”

“ಒಂದು ಮಾತು ಸೇರಿಸಿದ್ರೆ ಸರಿಹೋಗುತ್ತೆ ಸರ್.”

“ಸೇರಿಸು ಮತ್ತೆ!”

“ನನ್ನ ಪ್ರೋಗ್ರಾಮಲ್ಲಲ್ಲ ಸರ್. ನಿಮ್ಮ ಪ್ರಶ್ನೇಲಿ.”

ಲ್ಯಾಬಿನಲ್ಲಿ ಟೈಪಿಂಗ್ ಸದ್ದು ನಿಂತಿತು. ಹಾಲಸ್ವಾಮಿ ಚಾಕ್‌ಪೀಸ್ ಹುಡುಕಿಕೊಂಡು ಬೋರ್ಡಿನ ಕಡೆ ನಡೆದರು. ಫೇಲಿನ ಮಾತು ಮತ್ತೆ ಬರಲಿಲ್ಲ.