ಕುಂಟುವ ಬೇಟೆಗಾರರ ಊರು

“ಗುರುಗಳೇ, ಇನ್ನೂ ಎಷ್ಟು ನೋಯಬೇಕು?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ನಂಜಯ್ಯ. ಮಠಕ್ಕೆ ಬಂದಾಗಿನಿಂದ ಅವನು ಬರಿಯ ಕಲ್ಲಿನ ಮೇಲೆ ಮಂಡಿಯೂರಿ ಜಪ ಮಾಡುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಂಡಿಗಳು ಬಾತುಕೊಂಡಿದ್ದವು. ಅವನು ಕುಂಟುತ್ತ ಊಟಕ್ಕೆ ಬಂದರೆ ಉಳಿದ ಶಿಷ್ಯರು ಗೌರವದಿಂದ ದಾರಿ ಬಿಡುತ್ತಿದ್ದರು. ಅದು ಅವನ ಗಮನಕ್ಕೂ ಬಂದಿತ್ತು. ಆದರೆ ಜಪಕ್ಕೆ ಕುಳಿತರೆ ದೇವರ ನೆನಪು ಬರುತ್ತಿರಲಿಲ್ಲ, ಮಂಡಿಯ ನೆನಪೇ ಬರುತ್ತಿತ್ತು. ಹೀಗೇ ಆದರೆ ಒಂದು ದಿನ ಬರಿಗೈಯಲ್ಲಿ ಊರಿಗೆ ಮರಳಬೇಕಾದೀತು ಎಂದು ಅವನಿಗೆ ಭಯವಾಗಿತ್ತು.

ಗುರುಗಳು ಅವನ ಮಂಡಿಗಳನ್ನು ನೋಡಿದರು. “ಕುಳಿತುಕೋ. ಕಾಲು ಚಾಚಿಕೊಂಡೇ ಕುಳಿತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಬೇಟೆಗಾರರ ಊರಿತ್ತು. ಊರಿನ ಹಿಂದೆ ಒಂದರ ಬೆನ್ನಿಗೆ ಒಂದು ಮೂರು ಗುಡ್ಡಗಳಿದ್ದವು. ಅಲ್ಲಿನ ಕಲ್ಲು ಚೂಪು, ಮುಳ್ಳು ಉದ್ದ. ಬರಿಗಾಲಿನಲ್ಲಿ ಬೇಟೆ ಆಗದ ಮಾತು. ಆದ್ದರಿಂದ ಅವರು ದಪ್ಪ ತೊಗಲಿನ, ಮೀನಖಂಡದವರೆಗೆ ಬರುವ ಜೋಡು ಮೆಟ್ಟುತ್ತಿದ್ದರು.

ಈ ಜೋಡಿನ ವಿಷಯದಲ್ಲಿ ಊರಿಗೆ ಒಂದು ಪದ್ಧತಿ. ಒಬ್ಬ ಹುಡುಗ ಮೊದಲ ಸಲ ಕೋವಿ ಹಿಡಿದ ದಿನ ಅವನನ್ನು ಚಾವಡಿಯಲ್ಲಿ ಮಣೆಯ ಮೇಲೆ ಕೂರಿಸುತ್ತಿದ್ದರು. ಕಾಲು ತೊಳೆದು, ತುಂಡು ತೊಗಲಿನ ಮೇಲೆ ಇಡಿಸಿ, ಸುತ್ತ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಆ ಅಳತೆಯನ್ನು ಕತ್ತರಿಸಿ ಚಾವಡಿಯ ಗೋಡೆಗೆ ತೂಗುಹಾಕುತ್ತಿದ್ದರು. ಅವನು ಬದುಕಿರುವಷ್ಟು ಕಾಲ ಜೋಡುಗಳನ್ನೆಲ್ಲ ಅದೇ ಅಳತೆಗೆ ಹೊಲಿಯಬೇಕು. ಇನ್ನೊಂದು ಅಳತೆ ಕೇಳುವುದು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡಂತೆ.

ಹುಡುಗ ಗಂಡಸಾಗುತ್ತಿದ್ದ. ಬೆಟ್ಟ ಹತ್ತಿ, ಹೊರೆ ಹೊತ್ತು, ಅವನ ಪಾದ ಅಗಲವಾಗುತ್ತಿತ್ತು. ಗೋಡೆಯ ಮೇಲಿನ ಪಾದ ಮಾತ್ರ ಹುಡುಗನದಾಗಿಯೇ ಉಳಿಯುತ್ತಿತ್ತು. ಹೀಗಾಗಿ ಊರಿನ ಬೇಟೆಗಾರರೆಲ್ಲ ಕುಂಟುತ್ತಿದ್ದರು. ಅದಕ್ಕೆ ಅವರು ಕುಂಟು ಎನ್ನುತ್ತಿರಲಿಲ್ಲ, ಬೇಟೆಗಾರನ ನಡೆ ಎನ್ನುತ್ತಿದ್ದರು. ಮಕ್ಕಳು ಬೀದಿಯಲ್ಲಿ ಅದನ್ನು ಅಭ್ಯಾಸ ಮಾಡುತ್ತಿದ್ದರು. ನೆಟ್ಟಗೆ ನಡೆಯುವವನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಮರ್ಯಾದೆ ಸಿಗುತ್ತದೆಂದರೆ ಮನುಷ್ಯ ಹುಳುಕು ಹಲ್ಲನ್ನೂ ತೋರಿಸಿಕೊಂಡು ತಿರುಗುತ್ತಾನೆ. ನೀನು ನಗಬೇಡ, ಕತೆ ಇನ್ನೂ ಇದೆ.

ಒಂದು ಬೇಸಗೆಯಲ್ಲಿ ಮೂರನೆಯ ಗುಡ್ಡಕ್ಕೆ ಹುಲಿಯೊಂದು ಬಂದು ಸೇರಿಕೊಂಡಿತು. ಮೊದಲು ದನ ಹಿಡಿಯಿತು. ಆಮೇಲೆ ಹುಲ್ಲು ಕೊಯ್ಯಲು ಹೋಗಿದ್ದ ಇಬ್ಬರು ಹೆಂಗಸರನ್ನು ಹಿಡಿಯಿತು. ಹುಲ್ಲಿದ್ದದ್ದು ಆ ಗುಡ್ಡಗಳಲ್ಲೇ. ಹುಲ್ಲಿಲ್ಲದೆ ಕೊಟ್ಟಿಗೆಗಳಲ್ಲಿ ಎಮ್ಮೆಗಳು ಸೊರಗಿದವು. ಮಳೆ ಹಿಡಿಯುವುದರೊಳಗೆ ಹುಲಿ ಸಾಯದಿದ್ದರೆ ಊರನ್ನೇ ಬಿಟ್ಟು ಬಯಲಿಗೆ ಇಳಿಯುವುದೆಂದು ಹಿರಿಯರು ತೀರ್ಮಾನಿಸಿದರು.

ಗಂಡಸರು ಮತ್ತೆ ಮತ್ತೆ ಕೋವಿ ಹೊತ್ತು ಹೊರಟರು. ಮೊದಲ ಗುಡ್ಡ ಹತ್ತುವಾಗ ಹಾಡುತ್ತಿದ್ದರು. ಎರಡನೆಯದನ್ನು ಹತ್ತುವಾಗ ಹಾಡು ನಿಲ್ಲುತ್ತಿತ್ತು. ಅದರ ಇಳಿಜಾರಿನಲ್ಲಿ ಬೆರಳುಗಳು ಜೋಡಿನ ಮೂತಿಗೆ ಗುದ್ದಿಕೊಂಡು ಉಗುರು ಕಪ್ಪಾಗುತ್ತಿತ್ತು, ಹಿಮ್ಮಡಿ ಸುಲಿದು ರಕ್ತ ಬರುತ್ತಿತ್ತು. ಮೂರನೆಯ ಗುಡ್ಡವನ್ನು ಯಾರೂ ಹತ್ತಲಿಲ್ಲ. ಊರಿಗೆ ಮರಳಿ, ಅದು ಹುಲಿಯಲ್ಲ, ಮಾಯೆ, ಯಾವಾಗಲೂ ಒಂದು ಗುಡ್ಡ ಆಚೆಗೇ ಇರುತ್ತದೆ ಎಂದು ಹೇಳಿದರು. ಜೋಡಿನ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರಿಗೂ ನೋಯುತ್ತಿದ್ದರೂ, ಪ್ರತಿಯೊಬ್ಬನೂ ನೋವು ತನ್ನೊಬ್ಬನದೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದ.

ಆ ಊರಿನಲ್ಲಿ ಒಬ್ಬ ಬೇಟೆಗಾರ. ಗುರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಕುಂಟುವುದರಲ್ಲೂ ಇರಲಿಲ್ಲ. ಹುಲಿ ಹೆಂಗಸರ ಮೇಲೆ ಬಿದ್ದ ದಿನ ಅವನ ಹೆಂಡತಿಯೂ ಅಲ್ಲಿದ್ದಳು. ಕುಡುಗೋಲು ಎಸೆದು ಓಡಿ ಬದುಕಿ ಬಂದಿದ್ದಳು. ಒಂದು ದಿನ ಅವಳು ಹೊಸ ಕುಡುಗೋಲಿಗೆ ಹಿಡಿ ಹಾಕುತ್ತ ಕುಳಿತಿದ್ದಳು. ಅವನು ಏನೆಂದು ಕೇಳಿದ.

“ಎಮ್ಮೆ ನಿಲ್ಲೋಕೂ ಆಗ್ದೆ ಬಿದ್ದದೆ. ನಾಳಿದ್ದು ನಾನು ಹುಲ್ಲಿಗೆ ಹೋಗೋಳೇಯ” ಎಂದಳು.

“ಹುಲಿ ಅದೆ ಕಣೇ, ಹುಚ್ಚು ಹಿಡಿದದಾ ನಿಂಗೆ?”

“ಹುಲಿ ಮೂರ್ನೇ ಗುಡ್ಡದಲ್ಲಿ ಕೂತದೆ. ನಿಮ್ ಕಾಲು ಎರಡ್ನೇ ಗುಡ್ಡದಲ್ಲೇ ಕೂತ್ಕತದೆ. ಇಬ್ರೂ ಎದ್ದು ಬರೋತನಕ ಎಮ್ಮೆ ಇರ್ತದಾ?”

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಆಗಲೇ ಕೋವಿ ತೆಗೆದುಕೊಂಡು ಒಬ್ಬನೇ ಹೊರಟ. ಸಿಟ್ಟಿನಲ್ಲಿ ಎರಡು ಗುಡ್ಡ ದಾಟಿದ. ಎರಡನೆಯದರ ಬುಡದಲ್ಲಿ ಒಂದು ಹಳ್ಳ. ಅಲ್ಲಿಗೆ ಬರುವಷ್ಟರಲ್ಲಿ ಸಿಟ್ಟು ಮುಗಿದಿತ್ತು, ಕಾಲೂ ಮುಗಿದಿತ್ತು. ಎದುರಿನ ಗುಡ್ಡದಲ್ಲಿ, ಗುಂಡು ಮುಟ್ಟದಷ್ಟು ದೂರದಲ್ಲಿ, ಹುಲಿ ಬಂಡೆಯ ಮೇಲೆ ಮಲಗಿತ್ತು. ಅವನನ್ನು ನೋಡಿತು. ಏಳುವ ಅವಸರವನ್ನೇನೂ ತೋರಿಸಲಿಲ್ಲ. ಆ ಅವಮಾನಕ್ಕೆ ಅವನಿಗೆ ಅಳು ಬಂತು.

ಅವನು ಜೋಡು ಕಿತ್ತೆಸೆದು ಕಾಲನ್ನು ನೀರಿನಲ್ಲಿ ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಚಪ್ಪಟೆ ಕಲ್ಲಿನ ಮೇಲೆ ನಿಂತ. ಕೆಳಗಿಳಿದು ನೋಡಿದರೆ ಕಲ್ಲಿನ ಮೇಲೆ ಅವನ ಪಾದದ ಒದ್ದೆ ಗುರುತು ಮೂಡಿತ್ತು. ಏನು ತೋಚಿತೋ, ಜೋಡನ್ನು ತಂದು ಆ ಗುರುತಿನ ಮೇಲೆ ಇಟ್ಟ. ಕಾವಲಿಗಿಂತ ದೊಡ್ಡದಾಗಿ ತಟ್ಟಿದ ರೊಟ್ಟಿಯ ಹಾಗೆ ಪಾದದ ಗುರುತು ನಾಲ್ಕೂ ಕಡೆ ಹೊರಗೆ ಚಾಚಿತ್ತು. ಅವನು ತುಂಬ ಹೊತ್ತು ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕ. ಹುಲಿಯಲ್ಲಿ ಮಾಯೆ ಏನೂ ಇರಲಿಲ್ಲ.

ರುಮಾಲನ್ನು ಹರಿದು ಕಾಲಿಗೆ ಸುತ್ತಿ, ಜೋಡನ್ನು ಕೈಯಲ್ಲಿ ಹಿಡಿದು, ಅವನು ಊರಿನ ನಡುಬೀದಿಯಲ್ಲೇ ನಡೆದು ಬಂದ. ನೇರವಾಗಿ ಜೋಡು ಹೊಲಿಯುವವನ ಮನೆಗೆ ಹೋಗಿ, ಹೊಸ ಅಳತೆ ತೆಗೆ ಎಂದ. ಹೊಲಿಯುವವನು ಬೆಚ್ಚಿದ. ತನ್ನ ಜೋಡು ಕಚ್ಚುವುದರಿಂದಲೇ ಬೇಟೆಗಾರರು ಎಚ್ಚರವಾಗಿರುತ್ತಾರೆ ಎಂಬುದು ಅವನ ಹೆಮ್ಮೆಯಾಗಿತ್ತು. ಸುದ್ದಿ ತಿಳಿದು ಊರಗೌಡನೇ ಬಂದ.

“ಇವತ್ತು ಅಳತೆ ಬದಲಾಯಿಸ್ತೀಯ, ನಾಳೆ ಮಾತು ಬದಲಾಯಿಸ್ತೀಯ. ನಿಮ್ಮಪ್ಪನೂ ಇದೇ ಜೋಡಲ್ಲೇ ಅಲ್ವೇನ್ಲಾ ನಡೆದಿದ್ದು?” ಎಂದು ಗದರಿದ.

“ಹೂಂ ಗೌಡ್ರೇ. ನಮ್ಮಪ್ಪನೂ ಮೂರನೇ ಗುಡ್ಡ ನೋಡ್ಲಿಲ್ಲ” ಎಂದ ಬೇಟೆಗಾರ. “ಅವತ್ತು ಅಳತೆ ಕೊಟ್ಟಿದ್ದು ಮಣೆ ಮೇಲೆ ಕೂತಿದ್ದ ಕಾಲು. ಇವತ್ತು ಕೊಡ್ತಿರೋದು ಬೆಟ್ಟ ಇಳಿದು ಬಂದಿರೋ ಕಾಲು. ಬೇಟೆಗೆ ಹೋಗೋದು ಇದು.”

ಗೌಡ ಬೆನ್ನು ತಿರುಗಿಸಿ ಹೋದ. ಬೇಟೆಗಾರ ಕುಳಿತುಕೊಳ್ಳಲಿಲ್ಲ. ಬೇಟೆಯ ಹೊರೆಯನ್ನು ಬೆನ್ನಿಗೇರಿಸಿ, ಬಾತ ಪಾದಕ್ಕೆ ಜೋಡಿನೊಳಗೆ ಸುತ್ತುವ ಕಂಬಳಿಯ ಪಟ್ಟಿ ಸುತ್ತಿಕೊಂಡು, ನಿಂತೇ ಅಳತೆ ಕೊಟ್ಟ. ಹಿಮ್ಮಡಿ ಅಲುಗದಂತೆ ಬಿಗಿಯಾಗಿರಲಿ, ಬೆರಳುಗಳ ಮುಂದೆ ಇಳಿಜಾರಿಗೆಂದು ಜಾಗವಿರಲಿ ಎಂದು ಹೇಳಿದ. ಜೋಡು ಸಿದ್ಧವಾಯಿತು. ಅವನು ಕೂಡಲೇ ಬೆಟ್ಟಕ್ಕೆ ಓಡಲಿಲ್ಲ. ಹೆಂಡತಿಯ ಕುಡುಗೋಲನ್ನು ಬಚ್ಚಿಟ್ಟು, ಮನೆಯ ಸೂರಿನ ಹಳೆಯ ಹುಲ್ಲನ್ನೇ ಕಿತ್ತು ಎಮ್ಮೆಗೆ ಹಾಕಿದ. ಹೊಸ ಜೋಡನ್ನು ನೀರಿನಲ್ಲಿ ನೆನೆಸಿ, ಕಾಲಿನಲ್ಲೇ ಒಣಗಿಸಿದ. ಬಾವಿಗೂ ಹೊಲಕ್ಕೂ ಅದನ್ನೇ ಮೆಟ್ಟಿಕೊಂಡು ಓಡಾಡಿದ, ತೊಗಲು ಅವನ ಕಾಲನ್ನು ಕಲಿಯುವವರೆಗೆ.

ಊರು ನಕ್ಕಿತು. ಅವನು ಕುಂಟದೆ ನಡೆಯುವುದನ್ನು ನೋಡಿ, ಮಾವನ ಮನೆಗೆ ಹೊರಟ ಹೊಸ ಅಳಿಯ ಎಂದು ಹಂಗಿಸಿತು. ಮಕ್ಕಳು ಅವನ ಹಿಂದೆ ನೆಟ್ಟಗೆ ನಡೆದು ಅಣಕಿಸಿದರು. ಹೆಂಡತಿ ಮಾತ್ರ ನಗಲಿಲ್ಲ.

ಮೊದಲ ಮೋಡ ಕಾಣಿಸಿದ ದಿನ ಬೆಳಿಗ್ಗೆ ಅವನು ಹೊರಟ. ಮೊದಲ ಗುಡ್ಡ ದಾಟಿದ. ಎರಡನೆಯದನ್ನೂ ದಾಟಿದ. ಹಳ್ಳದ ಹತ್ತಿರ ಬಂದಾಗ, ಇಷ್ಟು ದೂರವೂ ತನಗೆ ಕಾಲಿನ ನೆನಪೇ ಆಗಲಿಲ್ಲವೆಂದು ಅವನಿಗೆ ಹೊಳೆಯಿತು. ದಾರಿಯುದ್ದಕ್ಕೂ ಹುಲಿಯ ಹೆಜ್ಜೆಯನ್ನೇ ನೋಡಿದ್ದ, ಗಾಳಿಯ ದಿಕ್ಕನ್ನೇ ಯೋಚಿಸಿದ್ದ. ಸಂತೋಷದಿಂದ ಅವನ ಎದೆ ತುಂಬಿ ಬಂತು. ಹಾಗೆಯೇ ಮೂರನೆಯ ಗುಡ್ಡ ಹತ್ತಿದ.

ಹುಲಿ ಅದೇ ಬಂಡೆಯ ಮೇಲೆ ಮಲಗಿತ್ತು. ಅದು ಆ ಊರಿನ ಬೇಟೆಗಾರರ ಸದ್ದನ್ನು ಚೆನ್ನಾಗಿ ಬಲ್ಲದು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ಆ ಸದ್ದು ಹಳ್ಳದ ಆಚೆಗೇ ನಿಂತುಬಿಡುತ್ತದೆ ಎಂಬುದೂ ಅದಕ್ಕೆ ಗೊತ್ತಿತ್ತು. ಇವತ್ತು ಆ ಸದ್ದು ಬರಲಿಲ್ಲ. ಬೇಟೆಗಾರ ಬಂಡೆಯ ಮಗ್ಗುಲಿಗೇ ಬಂದು ನಿಂತ. ಹುಲಿ ತಲೆಯೆತ್ತಿ ಅವನ ಮೇಲೆ ನೆಗೆಯಿತು. ಅವನ ಕಾಲು ಒಂದಿಷ್ಟೂ ಜಾರಲಿಲ್ಲ. ಒಂದೇ ಗುಂಡು.

ಗುಂಡಿನ ಸದ್ದು ಎರಡು ಗುಡ್ಡ ದಾಟಿ ಊರಿಗೆ ಕೇಳಿಸಿತು. ಜನ ಎದುರುಗೊಳ್ಳಲು ಓಡಿದರು. ಹುಲಿಯನ್ನು ಬೊಂಬಿಗೆ ಕಟ್ಟಿ ಹೊತ್ತು ತಂದರು. ತಮಟೆಯ ಸದ್ದಿಗೆ ಗುಡ್ಡವೇ ಕುಣಿದಂತಿತ್ತು. ಬೇಟೆಗಾರನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಬಂದರು. ಅವನು ಒಪ್ಪಲಿಲ್ಲ. ನಡೆಯುವುದೇ ಸುಖವಾಗಿದೆ ಎಂದ. ಮಾರನೆಯ ಬೆಳಿಗ್ಗೆ ಹೆಂಗಸರು ಹಾಡುತ್ತ ಗುಡ್ಡ ಹತ್ತಿದರು. ಅವನ ಹೆಂಡತಿ ಎಲ್ಲರಿಗಿಂತ ದೊಡ್ಡ ಹೊರೆ ಹೊತ್ತು ತಂದಳು. ಎಮ್ಮೆ ಎದ್ದು ನಿಂತು ಮೇಯಿತು. ಊರು ಬಯಲಿಗೆ ಇಳಿಯಲಿಲ್ಲ.

ಅದೇ ದಿನ ಜೋಡು ಹೊಲಿಯುವವನ ಮನೆಯ ಮುಂದೆ ಬೇಟೆಗಾರರೆಲ್ಲ ಬಂದು ನಿಂತರು. ಎಲ್ಲರ ಬೆನ್ನ ಮೇಲೂ ಹೊರೆ ಇತ್ತು. ಎಲ್ಲರಿಗಿಂತ ಮುಂದೆ ಗೌಡನೇ ಇದ್ದ. ಚಾವಡಿಯ ಗೋಡೆಯ ತೊಗಲುಗಳನ್ನು ಇಳಿಸಿ ಕರುಗಳ ಕೊರಳಿಗೆ ಪಟ್ಟಿ ಮಾಡಿದರು. ಗೌಡನಿಗೆ ಹೊಸ ಜೋಡು ಸರಿಯಾಗಿ ಹಿಡಿಯಿತು. ಒಂದು ಸುತ್ತು ನಡೆದು ನೋಡಿದ, ಕಣ್ಣಲ್ಲಿ ನೀರು ಬಂತು. ಆದರೆ ಬೀದಿಯಲ್ಲಿ ನಾಲ್ಕು ಜನ ಎದುರಾದ ಕೂಡಲೇ ಪಾಪ, ಅಭ್ಯಾಸಬಲದಿಂದ ಮತ್ತೆ ಕುಂಟಿದ.

ಗುರುಗಳು ಕತೆ ನಿಲ್ಲಿಸಿದರು. ನಂಜಯ್ಯನ ಎರಡು ಕೈಗಳೂ ಅವನಿಗರಿವಿಲ್ಲದೆ ಮಂಡಿಗಳನ್ನು ಮುಚ್ಚಿಕೊಂಡಿದ್ದವು. ಅವನು ಮತ್ತೆ ಏನೋ ಕೇಳಲು ಬಾಯಿ ತೆರೆದ.

“ಕುಂಟುವುದನ್ನು ಚೆನ್ನಾಗಿ ಕಲಿತಿದ್ದೀಯಪ್ಪಾ,” ಎಂದರು ಗುರುಗಳು, “ಹುಲಿ ಎಲ್ಲಿ?”