ಕರಡಿ ಆರಿಸಿದ ಮಚ್ಚು

ಕರಡಿಮರಿಯೊಂದು ಬಿದಿರಿನ ಮೆಳೆಯೊಳಗೆ ಸಿಕ್ಕಿಕೊಂಡು ಅರಚುತ್ತಿತ್ತು. ತಾಯಿ ಕರಡಿ ಕಮ್ಮಾರನ ಕುಲುಮೆಗೆ ಓಡಿತು. ಗೋಡೆಯ ಮೇಲೆ ಎರಡು ಮಚ್ಚು ತೂಗುತ್ತಿದ್ದವು. ಒಂದರ ಅಲಗು ಬೆರಳಷ್ಟು ದಪ್ಪ, ಇನ್ನೊಂದು ಸವೆದು ಎಲೆಯಂತಾಗಿತ್ತು.

“ನಿಮ್ಮಲ್ಲಿ ಗಟ್ಟಿಮುಟ್ಟಾದವರು ಯಾರು?” ಎಂದು ಕೇಳಿತು ಕರಡಿ.

“ಇದನ್ನೂ ಕೇಳಬೇಕೇ?” ಎಂದಿತು ದಪ್ಪ ಮಚ್ಚು. “ನಾನು ಒಮ್ಮೆಯೂ ಸಾಣೆಕಲ್ಲಿಗೆ ಮೈ ಕೊಟ್ಟವನಲ್ಲ.”

ಕರಡಿ ಅದನ್ನೇ ಒಯ್ದಿತು. ನಾಲ್ಕನೆಯ ಬಿದಿರಿಗೇ ಮಚ್ಚು ಮೊಂಡಾಯಿತು. ಮಸೆಯಲು ಹೋದರೆ, “ಬೇಡ! ಮಸೆದರೆ ಸವೆಯುತ್ತೇನೆ. ದಪ್ಪ ನೋಡಿಯಲ್ಲವೇ ನನ್ನನ್ನು ಆರಿಸಿದ್ದು?” ಎಂದು ಕೂಗಿತು.

ಹೌದಲ್ಲ ಎಂದು ಕರಡಿ ತಲೆ ಕೆರೆದುಕೊಂಡಿತು. ಅಷ್ಟರಲ್ಲಿ ಮರಿಯ ದನಿ ಉಡುಗುತ್ತಾ ಬಂತು. ದಿಕ್ಕು ತೋಚದೆ ಕರಡಿ ಮತ್ತೆ ಓಡಿ, ಸವೆದ ಮಚ್ಚನ್ನೇ ತಂದಿತು. ಅದು ನಾಲ್ಕು ಬಿದಿರು ಕಡಿದು “ಮಸೆ” ಎಂದಿತು, ಮಸೆದ ಮೇಲೆ ಮತ್ತೆ ನಾಲ್ಕು ಕಡಿಯಿತು. ಕೊನೆಗೆ ಮರಿ ಹೊರಬಂದು ತಾಯಿಯ ಹೊಟ್ಟೆಗೆ ಅಂಟಿಕೊಂಡಿತು.

“ನನಗೊಂದೂ ಅರ್ಥವಾಗುತ್ತಿಲ್ಲ” ಎಂದಿತು ಕರಡಿ. “ಇಷ್ಟು ಗಟ್ಟಿಯಿರುವ ನೀನು ಇಷ್ಟು ತೆಳ್ಳಗೆ ಯಾಕಾದೆ?”

“ನಾನೂ ಅವನಷ್ಟೇ ದಪ್ಪ ಇದ್ದೆ, ತಾಯಿ. ನಿನ್ನದು ನಾನು ಬಿಡಿಸಿದ ಹದಿನೇಳನೆಯ ಮರಿ.”