ಬೀಜಕ್ಕಿಟ್ಟ ಕುಂಬಳಕಾಯಿ

ಎರೆಗುಡ್ಡದ ಮಠವೆಂದರೆ ದೊಡ್ಡ ಕಟ್ಟಡವೇನಲ್ಲ. ಮಣ್ಣಿನ ಮಾಳಿಗೆಯ ಎರಡು ಅಂಕಣ, ಹಿಂದೊಂದು ಅಡುಗೆಮನೆ, ಅಷ್ಟೇ. ಪೂಜ್ಯ ಗುರುಶಾಂತ ಅಜ್ಜನವರು ಅಲ್ಲಿಯೇ ಕಂಬಳಿಯ ಮೇಲೆ ಕುಳಿತು, ಬಂದವರ ಕಷ್ಟ ಕೇಳುತ್ತ, ಭಕ್ತರು ಕೊಟ್ಟದ್ದನ್ನು ಉಂಡು ಬಾಳಿದ ಮಹಾನುಭಾವರು. ಅವರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದ ಪಾಪಿ ನಾನು. ಪಾಪಿ ಎಂದು ವಿನಯಕ್ಕೆ ಬರೆದದ್ದಲ್ಲ.

ಊರಿನಲ್ಲಿ ಫಕೀರವ್ವನೆಂಬ ಹೆಣ್ಣುಮಗಳಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜದಿಂದ ಹಿತ್ತಲಲ್ಲಿ ಕುಂಬಳದ ಬಳ್ಳಿ ಹಬ್ಬಿಸಿದ್ದಳು. ಪ್ರತಿ ವರ್ಷ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ತಲೆಯ ಮೇಲೆ ಹೊತ್ತು ಮಠಕ್ಕೆ ತರುತ್ತಿದ್ದಳು. ಮೊದಮೊದಲು ಅದನ್ನು ಇಳಿಸಲು ನಾನೂ ಕೈಕೊಡಬೇಕಾಗುತ್ತಿತ್ತು. ಬರಬರುತ್ತ ಕಾಯಿ ಸಣ್ಣದಾಯಿತು. ಏಳನೆಯ ವರ್ಷ ಅವಳು ತಂದದ್ದು ಒಂದು ನೀರಿನ ಚರಿಗೆಯಷ್ಟಿತ್ತು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಏನವ್ವಾ, ಅಜ್ಜಾರ ಮುಂದ ಇಂಥಾದ್ದು ಇಡಾಕ ನಾಚಿಕಿ ಬರೂದಿಲ್ಲೇನು?" ಎಂದುಬಿಟ್ಟೆ.

ಅವಳು ಸೀದಾ ಹೋಗಿ ಅಜ್ಜನವರ ಪಾದದ ಬಳಿ ಕುಸಿದು ಅತ್ತಳು.

"ಯಪ್ಪಾ, ಇದಕ್ಕಿಂತ ದೊಡ್ಡದು ಬಳ್ಳ್ಯಾಗ ಇಲ್ಲ. ನನ್ನ ಕೈ ಮುಟ್ಟಿದ್ದು ಯಾವುದೂ ಏಳಗಿ ಆಗೂದಿಲ್ಲ ಅಂತ ಓಣ್ಯಾಗ ಎಲ್ಲಾರೂ ಆಡಕೋತಾರ. ಖರೇನ ಇರಬೇಕು. ಶಿವಗ ನಾ ಬ್ಯಾಡಾಗೇನಿ. ಬಳ್ಳಿ ಕಿತ್ತ ಒಗದ ಬಿಡತೀನಿ. ಇನ್ನ ಮಠದ ಮೆಟ್ಟಲಾ ಹತ್ತೂದಿಲ್ಲ."

ಅಜ್ಜನವರು ಬಹಳ ಹೊತ್ತು ಆ ಕಾಯಿಯನ್ನು ಕೈಯಲ್ಲಿ ತಿರುವಿ ನೋಡಿದರು. ಆಮೇಲೆ ಕೇಳಿದರು: "ಬಿತ್ತಾಕ ಬೀಜ ಯಾವುದರಾಗಿಂದು ತಗೀತಿ, ಮಗಳ?"

"ದೊಡ್ಡದು ನಿಮಗ ಅಲ್ಲೇನ್ರಿ, ಯಪ್ಪಾ. ಹಿಂದ ಮುರುಟಿದ್ದು, ಸೊಟ್ಟಂದು ಉಳೀತಾವ. ಅದರಾಗಿಂದ ತಗೀತೀನಿ."

ಪೂಜ್ಯರು ನನ್ನ ಕಡೆ ತಿರುಗಿದರು. "ಇಲ್ಲಿ ಹೆಚ್ಚಿದ ಕಾಯಿ ಬೀಜಾ ಏನ ಮಾಡಿದಿಪಾ?"

"ತಿಪ್ಪಿಗೆ ಚೆಲ್ಲಿದೆರಿ" ಎಂದೆ.

ಊರಗೌಡರು ಬಂದರೂ ಏಳದ ಅಜ್ಜನವರು ಕಂಬಳಿ ಬಿಟ್ಟು ಎದ್ದು ನಿಂತರು. ಆ ಬಡ ಹೆಣ್ಣುಮಗಳಿಗೆ ಎರಡೂ ಕೈ ಮುಗಿದರು. ಅವರ ಕಣ್ಣು ತುಂಬಿತ್ತು.

"ತಪ್ಪು ನಿನ್ನ ಕೈದಲ್ಲವ್ವಾ. ಆರು ವರ್ಷ ನಿನ್ನ ಬೀಜಾ ತಿಂದಾಂವ ನಾನು."

ಹೀಗೆಂದು ಕಾಯಿಯನ್ನು ಅವಳ ಉಡಿಗೆ ಹಾಕಿದರು. ಅವಳು ಬೆಚ್ಚಿ, "ಅಯ್ಯ ಶಿವನ! ದೇವರಿಗೆ ಕೊಟ್ಟದ್ದು ತಿರುಗಿ ಒಯ್ದರ ಪಾಪ ಬರತೈತ್ರಿ" ಎಂದಳು.

"ಆ ಪಾಪ ನನಗಿರಲಿ. ಇದು ಬೀಜಕ್ಕ. ಇನ್ನ ಮ್ಯಾಲ ನನಗ ಸೊಟ್ಟ ಕಾಯಿ ತಾ."

ಅವಳು ಅಂಜುತ್ತಲೇ ಒಯ್ದಳು. ಬೀಜ ತೆಗೆದು, ಹುಳ ಹಿಡಿಯದಂತೆ ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಹುದುಗಿಸಿ ಗೋಡೆಗೆ ತಟ್ಟಿದಳು. ಮರುವರ್ಷ ಕಾಯಿ ಅಂಥಾ ದೊಡ್ಡದೇನೂ ಆಗಲಿಲ್ಲ, ಸುಳ್ಳೇಕೆ ಹೇಳಲಿ? ಆದರೂ ದೊಡ್ಡದನ್ನೇ ಬೀಜಕ್ಕಿಟ್ಟು, ಸೊಟ್ಟದ್ದನ್ನು ಮಠಕ್ಕೆ ತಂದಳು. ತರುವಾಗ ನಾಚಿಕೊಂಡಳು. ಅಜ್ಜನವರು ಅದರ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಹೀಗೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬಳ್ಳಿ ಬೇಲಿ ದಾಟಿತು, ಕಾಯಿಗಳನ್ನು ಎತ್ತಲು ಎರಡು ತೋಳು ಸಾಲದಾದವು.

ಆ ವರ್ಷ ಮುಂಗಾರಿಗೆ ಮೊದಲು ಓಣಿಯ ಹೆಂಗಸರೆಲ್ಲ ಫಕೀರವ್ವನ ಬಾಗಿಲಲ್ಲಿ ನಿಂತಿದ್ದರು. "ನಿನ್ನ ಕೈಯಾರ ಕೊಡವ್ವಾ, ನಮ್ಮ ಹಿತ್ತಲದಾಗೂ ಹತ್ತಲಿ" ಎಂದು ಬೀಜ ಬೇಡುತ್ತಿದ್ದರು. ಅವರ ಹಿಂದೆ ನಾನೂ ನಿಂತಿದ್ದೆ. ಮಠದ ಹಿತ್ತಲಿಗೆ ನಾಲ್ಕು ಬೀಜ ಬೇಕಾಗಿತ್ತು. ನನ್ನ ಸರದಿ ಬಂದಾಗ ತಲೆ ತಗ್ಗಿಸಿ ಬೊಗಸೆ ಒಡ್ಡಿದೆ.

"ಹಿಡೀರಿ ಅಣ್ಣಾರ" ಎಂದು ಅವಳು ನಗುತ್ತ, ಚೆಲ್ಲುವಷ್ಟು ಸುರಿದಳು.